ಚಾಳೀಸಿನ ಕನ್ನಡಕವೂ ಕಂಪ್ಯೂಟರಿನ ಕೆಲಸವೂ

ನಮ್ಮ ಹಿರಿಯರು ಕನ್ನಡಕವನ್ನು ‘ಚಾಳೀಸು’ ಎಂದು ಕರೆಯುತ್ತಿದ್ದುದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಚಾಳೀಸು ಎಂದರೆ ನಾಲ್ವತ್ತು. ವಸ್ತುವಿನ ಆಕಾರವನ್ನಾಗಲಿ ಉಪಯೋಗವನ್ನಾಗಲಿ ಎಣಿಸದೆ, ಅದು ಮೂಗಿನ ಮೇಲೆ ಬಂದು ಕುಳಿತುಕೊಳ್ಳುವ ವಯಸ್ಸನ್ನೇ ಅದಕ್ಕೆ ಹೆಸರಾಗಿ ಕೊಟ್ಟ ಈ ಮಾತಿನಲ್ಲಿ ದೇಹಶಾಸ್ತ್ರದ ಒಂದು ನಿಜವು ಅಡಗಿರುವುದು. ಬಡವರು ಬಲ್ಲಿದರು, ಓದಿದವರು ಓದದವರು ಎಂಬ ಭೇದವಿಲ್ಲದೆ ನಾಲ್ವತ್ತರ ಆಸುಪಾಸಿನಲ್ಲಿ ಎಲ್ಲರ ಕಣ್ಣುಗಳೂ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಕಾಣುವ ಶಕ್ತಿಯನ್ನು ಕಳೆದುಕೊಳ್ಳತೊಡಗುವುವು.

ಈ ಶಾಲೆಯಲ್ಲಿ ಓದಿ ಹೊರಟ ಸೋದರಿಯರಲ್ಲಿ ಬಹುಮಂದಿ ಈಗ ಆ ವಯಸ್ಸನ್ನು ಮುಟ್ಟಿರುವರು, ಇಲ್ಲವೆ ದಾಟಿರುವರು. ಈಗ ಇಲ್ಲಿ ಓದುತ್ತಿರುವ ಬಾಲಿಕೆಯರ ತಾಯ್ತಂದೆಗಳೂ ಹೆಚ್ಚುಕಡಿಮೆ ಅದೇ ಪ್ರಾಯದವರು. ಉಪಾಧ್ಯಾಯಿನಿಯಾಗಲಿ, ದಾದಿಯಾಗಲಿ, ಬ್ಯಾಂಕಿನ ಕೆಲಸದವಳಾಗಲಿ, ಮನೆಯಲ್ಲಿದ್ದುಕೊಂಡೇ ಲೆಕ್ಕಪತ್ರ ಬರೆಯುವ ಗೃಹಿಣಿಯಾಗಲಿ, ಈ ದಿನಗಳಲ್ಲಿ ಕಂಪ್ಯೂಟರಿನ ಪರದೆಯ ಮುಂದೆ ಕುಳಿತುಕೊಳ್ಳದೆ ಇದ್ದರೆ ಕೆಲಸವು ಸಾಗದು. ಹೀಗಿರಲಾಗಿ, ಸಾವಿರಾರು ರೂಪಾಯಿ ತೆತ್ತು ಪ್ರೊಗ್ರೆಸಿವ್ ಮಸೂರದ ಕನ್ನಡಕವನ್ನು ಮಾಡಿಸಿಕೊಂಡವರು, ಹದಿನೈದು ದಿನಗಳಲ್ಲೇ ಕತ್ತುನೋವು, ತಲೆನೋವು, ಕಣ್ಣುಕತ್ತಲೆಗಳಿಂದ ಬೇಸತ್ತು, ‘ಇದು ನನಗೆ ಒಗ್ಗದು’ ಎಂದು ಅದನ್ನು ಮೇಜಿನ ಖಾನೆಗೆ ಸೇರಿಸಿಬಿಡುವುದುಂಟು. ಇನ್ನು ಕೆಲವರು ‘ವಯಸ್ಸಾಯಿತು, ಈ ಕೆಲಸ ಇನ್ನು ನನ್ನಿಂದಾಗದು’ ಎಂದು ಉದ್ಯೋಗವನ್ನೇ ಬಿಡುವ ಯೋಚನೆಗೆ ಬರುವರು. ಇಂಥ ಸಂದರ್ಭಗಳಲ್ಲಿ ದೋಷವು ಬಹುಮಟ್ಟಿಗೆ ಕಣ್ಣಿನದೂ ಅಲ್ಲ, ವಯಸ್ಸಿನದೂ ಅಲ್ಲ. ಮಸೂರದ ರಚನೆಗೂ ಪರದೆಯ ಎತ್ತರಕ್ಕೂ ಹೊಂದಿಕೆ ಇಲ್ಲದಿರುವುದೇ ಕಾರಣ. ಇದನ್ನು ವಿವರಿಸಿ ಹೇಳುವುದೇ ಈ ಲೇಖನದ ಉದ್ದೇಶವು.

ಕಣ್ಣಿನೊಳಗೆ ಪಾರದರ್ಶಕವಾದ ಒಂದು ಮಸೂರವಿದೆ. ಅದನ್ನು ಸುತ್ತುಗಟ್ಟಿದ ಸ್ನಾಯುವು ಬಿಗಿಯಾದಾಗ ಮಸೂರವು ಉಬ್ಬಿ ಹತ್ತಿರದ ವಸ್ತುವನ್ನು ಸ್ಪಷ್ಟಪಡಿಸುವುದು. ಸ್ನಾಯು ಸಡಿಲಿದಾಗ ಮಸೂರವು ಚಪ್ಪಟೆಯಾಗಿ ದೂರದ ನೋಟಕ್ಕೆ ಒದಗುವುದು. ಬಾಲ್ಯದಲ್ಲಿ ಈ ಮಸೂರವು ಬಹು ಮೃದು. ಹತ್ತು ವರುಷದ ಹುಡುಗಿಯು ಪುಸ್ತಕವನ್ನು ಏಳೆಂಟು ಸೆಂಟಿಮೀಟರು ಹತ್ತಿರಕ್ಕೆ ತಂದರೂ ಓದಬಲ್ಲಳು. ವರುಷಗಳು ಕಳೆದಂತೆ ಅದು ಗಟ್ಟಿಯಾಗುತ್ತ ಬಂದು ಅರುವತ್ತರ ಹೊತ್ತಿಗೆ ಉಬ್ಬುವ ಗುಣವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಕಳೆದುಕೊಳ್ಳುವುದು. ಸೂಜಿಗೆ ದಾರ ಪೋಣಿಸಲು ಕೈಯನ್ನು ದೂರ ಚಾಚುವುದು, ಔಷಧದ ಸೀಸೆಯ ಮೇಲಿನ ಅಕ್ಷರಗಳಿಗಾಗಿ ದೀಪದ ಬಳಿಗೆ ಹೋಗುವುದು, ಇವೆಲ್ಲ ಅದರ ಮೊದಲ ಗುರುತುಗಳು. ಇದು ರೋಗವಲ್ಲ, ಕೂದಲು ನರೆಯುವಂತೆ ಇದೂ ಪ್ರಕೃತಿಯ ನಿಯಮ.

ಕಡಿಮೆಯಾದ ಶಕ್ತಿಯನ್ನು ಗಾಜಿನಿಂದ ತುಂಬಿಕೊಡುವ ಉಪಾಯವು ಹಳೆಯದು. ಆದರೆ ದೂರಕ್ಕೊಂದು ಹತ್ತಿರಕ್ಕೊಂದು ಎಂದು ಎರಡು ಕನ್ನಡಕಗಳನ್ನು ಹೊತ್ತು ತಿರುಗುವುದು ತೊಂದರೆಯ ಕೆಲಸ. ಅಮೆರಿಕದ ಪ್ರಸಿದ್ಧ ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನನು ಎರಡು ಬಗೆಯ ಗಾಜುಗಳನ್ನು ಅರ್ಧರ್ಧ ಕತ್ತರಿಸಿ ಒಂದೇ ಚೌಕಟ್ಟಿನಲ್ಲಿ ಕೂಡಿಸಿಕೊಂಡ ಸಂಗತಿಯನ್ನು ೧೭೮೫ರಲ್ಲಿ ತನ್ನ ಮಿತ್ರನಿಗೆ ಬರೆದ ಪತ್ರದಲ್ಲಿ ವರ್ಣಿಸಿರುವನು. ನಮ್ಮ ಅಜ್ಜಂದಿರ ಮೂಗಿನ ಮೇಲೆ ಕಾಣುತ್ತಿದ್ದ, ನಡುವೆ ಗೆರೆಯುಳ್ಳ ಬೈಫೋಕಲ್ ಕನ್ನಡಕವು ಇದರ ಸಂತತಿಯೇ. ಅದರಲ್ಲಿ ದೂರವೂ ಕಾಣುವುದು, ಪುಸ್ತಕವೂ ಕಾಣುವುದು. ಎರಡಕ್ಕೂ ನಡುವಿನ ಅಂತರ ಮಾತ್ರ ಚೆನ್ನಾಗಿ ಕಾಣದು. ಈ ಕೊರತೆಯನ್ನು ನೀಗುವುದಕ್ಕಾಗಿ, ಮೇಲಿನಿಂದ ಕೆಳಕ್ಕೆ ಗೆರೆಯಿಲ್ಲದೆ ಮೆಲ್ಲಮೆಲ್ಲನೆ ಶಕ್ತಿ ಏರುವ ಮಸೂರಕ್ಕೆ ಇಂಗ್ಲೆಂಡಿನ ಓವೆನ್ ಏವ್ಸ್ ಎಂಬವನು ೧೯೦೭ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಆದರೆ ಜನರ ಕೈಗೆ ಬಂದು ನಿಂತದ್ದು ಫ್ರಾನ್ಸಿನ ಎಂಜಿನಿಯರು ಬೆರ್ನಾರ್ ಮೆತೆನಾಜ್ ಎಂಬವರು ನಿರ್ಮಿಸಿದ ಮಸೂರ. ೧೯೫೯ರಲ್ಲಿ ಅದು ವ್ಯಾರಿಲಕ್ಸ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಇಂದು ಎಲ್ಲ ಅಂಗಡಿಗಳಲ್ಲಿ ದೊರೆಯುವ ಪ್ರೊಗ್ರೆಸಿವ್ ಮಸೂರಗಳು ಆ ಜಾತಿಯವು.

ಈ ಮಸೂರದ ರಚನೆಯನ್ನು ಮನಸ್ಸಿಗೆ ತಂದುಕೊಂಡರೆ ಮುಂದಿನದೆಲ್ಲ ಸುಲಭವಾಗುವುದು. ಮೇಲ್ಭಾಗವು ದೂರದ ನೋಟಕ್ಕೆ, ಕೆಳಭಾಗವು ಓದುವುದಕ್ಕೆ. ಇವೆರಡನ್ನೂ ಕೂಡಿಸುವ ಸುಮಾರು ಒಂದೂವರೆ ಸೆಂಟಿಮೀಟರು ಉದ್ದದ ಓಣಿಯಲ್ಲಿ ಶಕ್ತಿಯು ಕ್ರಮವಾಗಿ ಏರುವುದು. ಓಣಿ ಎಂಬ ಮಾತನ್ನು ಬೇಕೆಂದೇ ಬಳಸಿದೆ. ಏಕೆಂದರೆ ಅದು ಇಕ್ಕಟ್ಟಾದುದು. ಗೆರೆಯಿಲ್ಲದೆ ಶಕ್ತಿಯನ್ನು ಏರಿಸಿದರೆ ಓಣಿಯ ಎರಡು ಪಕ್ಕಗಳಲ್ಲಿಯೂ ಬೇಡದ ಮಸಕು ಹುಟ್ಟಿಯೇ ತೀರುವುದು. ಓಣಿಯ ನಡುಗೆರೆಯಲ್ಲಿ ಶಕ್ತಿಯು ಯಾವ ವೇಗದಲ್ಲಿ ಏರುವುದೋ ಅದರ ಇಮ್ಮಡಿ ವೇಗದಲ್ಲಿ ಪಕ್ಕದ ಮಸಕು ಬೆಳೆಯುವುದೆಂದು ಜರ್ಮನಿಯ ಗಣಿತಜ್ಞ ಮಿಂಕ್ವಿಟ್ಸ್ ೧೯೬೩ರಲ್ಲಿ ಸಿದ್ಧಪಡಿಸಿ ತೋರಿಸಿದನು. ಉದಾಹರಣೆಗೆ, ಹದಿನೈದು ಮಿಲಿಮೀಟರಿನಲ್ಲಿ ಎರಡು ಡಯಾಪ್ಟರು ಏರುವ ಮಸೂರದಲ್ಲಿ ನಡುಗೆರೆಯಿಂದ ನಾಲ್ಕು ಮಿಲಿಮೀಟರು ಪಕ್ಕಕ್ಕೆ ಸರಿದರೆ ಸುಮಾರು ಒಂದು ಡಯಾಪ್ಟರಿನ ಮಸಕು ಇರುವುದು. ಬೆಲೆಯುಳ್ಳ ಮಸೂರಗಳಲ್ಲಿ ಈ ಮಸಕನ್ನು ಜಾಣತನದಿಂದ ಹಂಚಿರುವರೇ ಹೊರತು ಅಳಿಸಿಹಾಕಿರುವುದಿಲ್ಲ. ಆದುದರಿಂದ ‘ಪಕ್ಕದಲ್ಲಿ ಏನೂ ಮಸಕಿಲ್ಲದ ಮಸೂರ’ ಎಂದು ಯಾರಾದರೂ ಹೊಗಳಿದರೆ ನಂಬತಕ್ಕದ್ದಲ್ಲ.

ಇನ್ನು ಕಂಪ್ಯೂಟರಿನ ಮಾತು. ಮಸೂರದ ಶಕ್ತಿಯನ್ನು ಅಳೆಯುವ ಡಯಾಪ್ಟರೆಂಬುದು ಮೀಟರಿನಲ್ಲಿ ಹೇಳಿದ ದೂರದ ವಿಲೋಮ ಸಂಖ್ಯೆ. ಪುಸ್ತಕವು ನಾಲ್ವತ್ತು ಸೆಂಟಿಮೀಟರಿನಲ್ಲಿದ್ದರೆ ಎರಡೂವರೆ ಡಯಾಪ್ಟರು ಬೇಕು. ಪರದೆಯು ಅರುವತ್ತೈದು ಸೆಂಟಿಮೀಟರಿನಲ್ಲಿದ್ದರೆ ಒಂದೂವರೆ ಸಾಕು. ಐವತ್ತರ ಪ್ರಾಯದವಳ ಕಣ್ಣು ಆಯಾಸವಿಲ್ಲದೆ ಅರ್ಧ ಡಯಾಪ್ಟರನ್ನು ತಾನೇ ಕೊಡುವುದೆಂದು ಇಟ್ಟುಕೊಂಡರೆ, ಮಸೂರವು ಪುಸ್ತಕಕ್ಕೆ ಎರಡನ್ನೂ ಪರದೆಗೆ ಒಂದನ್ನೂ ಕೊಡಬೇಕು. ಆ ಒಂದು ಡಯಾಪ್ಟರು ಇರುವುದೆಲ್ಲಿ? ಓಣಿಯ ನಟ್ಟನಡುವೆ, ಮಸೂರದ ಅತ್ಯಂತ ಇಕ್ಕಟ್ಟಾದ ಸ್ಥಳದಲ್ಲಿ. ಪರದೆಯನ್ನು ಮುಖಕ್ಕೆ ನೇರವಾಗಿ ಎತ್ತರದಲ್ಲಿ ಇಟ್ಟರೆ ಕಣ್ಣು ದೂರದ ಭಾಗದಿಂದ ನೋಡುವುದು, ಅಕ್ಷರಗಳು ಮಸಕಾಗುವುವು. ಆಗ ಕೆಲಸಗಾತಿಯು ತಿಳಿಯದೆಯೇ ಗಲ್ಲವನ್ನು ಮೇಲೆತ್ತಿ ಓಣಿಯನ್ನು ಪರದೆಗೆ ಸರಿಯಾಗಿ ತಂದುಕೊಳ್ಳುವಳು. ಹೀಗೆ ಆರು ತಾಸು ಗಲ್ಲವೆತ್ತಿ ಕುಳಿತರೆ ಕತ್ತು ನೋಯದೆ ಇದ್ದೀತೆ?

ಆದುದರಿಂದ ಮೊದಲನೆಯ ಪರಿಹಾರವು ಕನ್ನಡಕದಲ್ಲಿಲ್ಲ, ಮೇಜಿನ ಮೇಲಿದೆ. ಪರದೆಯನ್ನು ಇಳಿಸಬೇಕು. ಮಾಮೂಲಾಗಿ ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ ಎನ್ನುವರು. ಪ್ರೊಗ್ರೆಸಿವ್ ಹಾಕಿದವರಿಗೆ ಅದು ಐದರಿಂದ ಹತ್ತು ಸೆಂಟಿಮೀಟರು ಇನ್ನೂ ಕೆಳಗೆ ಇದ್ದರೆ ಒಳ್ಳೆಯದು. ಮೇಲಂಚನ್ನು ಸ್ವಲ್ಪ ಹಿಂದಕ್ಕೆ ವಾಲಿಸಬೇಕು. ದೂರವು ಚಾಚಿದ ತೋಳಿನಷ್ಟು, ಎಂದರೆ ಐವತ್ತರಿಂದ ಎಪ್ಪತ್ತು ಸೆಂಟಿಮೀಟರು ಇರಲಿ. ಪರದೆಯ ಕೆಳಗೆ ಎತ್ತರಕ್ಕಾಗಿ ಇಟ್ಟ ಪುಸ್ತಕಗಳನ್ನೋ ಮಣೆಯನ್ನೋ ತೆಗೆಯುವುದಕ್ಕೆ ಕಾಸಿನ ಖರ್ಚೂ ಇಲ್ಲ. ಪರದೆ ಇಳಿಯದಿದ್ದರೆ ಕುರ್ಚಿಯನ್ನು ಏರಿಸಿ, ಪಾದಗಳ ಕೆಳಗೆ ಒಂದು ಹಲಗೆ ಇಟ್ಟುಕೊಳ್ಳಬಹುದು.

ಎರಡನೆಯದಾಗಿ, ತಲೆಯನ್ನು ತಿರುಗಿಸುವ ಅಭ್ಯಾಸ. ಹಳೆಯ ಕನ್ನಡಕದಲ್ಲಿ ಕಣ್ಣುಗುಡ್ಡೆಯನ್ನು ಹೊರಳಿಸಿ ಸಾಲಿನ ಕೊನೆಯವರೆಗೆ ಓದಬಹುದಾಗಿತ್ತು; ಇಲ್ಲಿ ಕಣ್ಣು ಹೊರಳಿದರೆ ಮಸಕಿನೊಳಗೆ ಬೀಳುವುದು. ಮೂಗು ಯಾವ ಪದದ ಕಡೆಗಿದೆಯೋ ಆ ಪದವೇ ಸ್ಪಷ್ಟವೆಂದು ತಿಳಿದು, ಮುಖವನ್ನೇ ಮೆಲ್ಲಗೆ ತಿರುಗಿಸತಕ್ಕದ್ದು. ಬರೆಹದ ಚೌಕವನ್ನು ಪರದೆಯ ಅಗಲಕ್ಕೆಲ್ಲ ಹರಡದೆ ನಡುವೆ ಕಿರಿದಾಗಿಟ್ಟುಕೊಂಡರೆ ತಿರುಗಿಸುವ ಶ್ರಮವೂ ತಗ್ಗುವುದು. ಅಕ್ಷರಗಳನ್ನು ದೊಡ್ಡದು ಮಾಡಿಕೊಳ್ಳಲು ನಾಚಬೇಕಾಗಿಲ್ಲ. ನಮ್ಮ ಕನ್ನಡದ ಅಕ್ಷರಗಳಿಗೆ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ ಎಂದು ನಾನಾ ಅಂಗಗಳಿರುವುದರಿಂದ, ಇಂಗ್ಲಿಷಿಗೆ ಸಾಕಾಗುವ ಗಾತ್ರವು ಕನ್ನಡಕ್ಕೆ ಸಾಲದು. ಪಕಾರಕ್ಕೂ ಷಕಾರಕ್ಕೂ, ದಕಾರಕ್ಕೂ ಧಕಾರಕ್ಕೂ ಇರುವ ಭೇದವು ಒಂದು ಸಣ್ಣ ಗೀಟು ಮಾತ್ರವಷ್ಟೆ.

ಮೂರನೆಯದಾಗಿ, ಕನ್ನಡಕವು ಮುಖದ ಮೇಲೆ ಸರಿಯಾಗಿ ಕುಳಿತಿರಬೇಕು. ಓಣಿಯು ಇಕ್ಕಟ್ಟಾದುದರಿಂದ ಎರಡು ಮಿಲಿಮೀಟರಿನ ತಪ್ಪೂ ದೊಡ್ಡ ತಪ್ಪೇ. ಅಳತೆ ತೆಗೆಯುವವರು ಎರಡು ಕಣ್ಣುಗಳ ನಡುವಣ ಒಟ್ಟು ದೂರವನ್ನಲ್ಲದೆ, ಮೂಗಿನ ನಡುವಿನಿಂದ ಒಂದೊಂದು ಪಾಪೆಗೆ ಇರುವ ದೂರವನ್ನು ಬೇರೆ ಬೇರೆಯಾಗಿಯೂ, ಆಯ್ದ ಚೌಕಟ್ಟನ್ನು ಮುಖಕ್ಕೆ ಹಾಕಿಸಿಯೇ ಪಾಪೆಯ ಎತ್ತರವನ್ನೂ ಗುರುತಿಸತಕ್ಕದ್ದು. ಇದನ್ನು ಮಾಡದೆ ಹಳೆಯ ಚೀಟಿ ನೋಡಿ ಮಸೂರ ಕೂರಿಸುವ ಕಡೆ ಹಣ ಕೊಡುವುದು ವ್ಯರ್ಥ. ಅಲಂಕಾರಕ್ಕಾಗಿ ತೀರ ಕಿರಿದಾದ ಚೌಕಟ್ಟನ್ನು ಆರಿಸುವುದೂ ಸಲ್ಲದು. ಅದರಲ್ಲಿ ಓಣಿಯನ್ನು ಗಿಡ್ಡಮಾಡಬೇಕಾಗುವುದು, ಓಣಿ ಗಿಡ್ಡವಾದಂತೆ ಶಕ್ತಿ ಬೇಗ ಏರುವುದು, ಶಕ್ತಿ ಬೇಗ ಏರಿದಂತೆ ಪಕ್ಕದ ಮಸಕು ಹೆಚ್ಚುವುದು. ಕನ್ನಡಕವು ಬೆವರಿನಿಂದ ಮೂಗಿನ ಮೇಲೆ ಜಾರುತ್ತಿದ್ದರೆ ಓಣಿಯೇ ಕೆಳಗಿಳಿದು ಹೋಗುವುದು. ಅಂಗಡಿಗೆ ಕೊಂಡುಹೋಗಿ ಬಿಗಿಮಾಡಿಸಿಕೊಂಡರೆ ಎಷ್ಟೋ ದೂರುಗಳು ಅಷ್ಟರಲ್ಲೇ ತೀರುವುವು.

ನಾಲ್ಕನೆಯದು ತಾಳ್ಮೆ. ಮೊದಲ ದಿನಗಳಲ್ಲಿ ನೆಲವು ಅಲೆಯಾಡಿದಂತೆಯೂ ಬಾಗಿಲಿನ ಚೌಕಟ್ಟು ಬಾಗಿದಂತೆಯೂ ತೋರುವುದು ಸಹಜ. ಮಿದುಳು ಹೊಸ ನೋಟವನ್ನು ಕಲಿಯುವುದಕ್ಕೆ ಕೆಲವರಿಗೆ ನಾಲ್ಕಾರು ದಿನಗಳು, ಕೆಲವರಿಗೆ ಎರಡು ವಾರಗಳು ಹಿಡಿಯುವುವು. ಆ ಅವಧಿಯಲ್ಲಿ ಬೆಳಗ್ಗೆ ಹೊಸದು ಸಂಜೆ ಹಳೆಯದು ಎಂದು ಬದಲಾಯಿಸುತ್ತಿದ್ದರೆ ಕಲಿಕೆಯು ನಿಲ್ಲುವುದು. ಮೂರು ವಾರಗಳಾದರೂ ಒಗ್ಗದಿದ್ದರೆ ಮಾತ್ರ ಸುಮ್ಮನಿರದೆ ಹಿಂದಕ್ಕೆ ಕೊಂಡುಹೋಗಿ ನಂಬರನ್ನೂ ಅಳತೆಯನ್ನೂ ಮತ್ತೆ ಪರೀಕ್ಷಿಸಿರೆಂದು ಕೇಳತಕ್ಕದ್ದು. ಹೆಂಗಸರು ಇಂಥಲ್ಲಿ ಸಂಕೋಚಪಡುವುದು ಹೆಚ್ಚು. ಆದರೆ ಇದು ಕೃಪೆ ಬೇಡುವುದಲ್ಲ, ಕೊಟ್ಟ ಹಣಕ್ಕೆ ಸಲ್ಲಬೇಕಾದುದನ್ನು ಕೇಳುವುದು. ಇನ್ನೊಂದು ಮಾತು: ಚಾಳೀಸು ಬಂದುದನ್ನು ಬಚ್ಚಿಟ್ಟು ಐವತ್ತರವರೆಗೆ ತಳ್ಳಿದವರಿಗೆ ಒಮ್ಮೆಲೆ ಹೆಚ್ಚು ಶಕ್ತಿಯ ಮಸೂರವು ಬೇಕಾಗುವುದರಿಂದ ಅಭ್ಯಾಸವು ಕಠಿನವಾಗುವುದು. ಒಂದು ಡಯಾಪ್ಟರಿನಲ್ಲಿ ಮೊದಲುಮಾಡಿದವರಿಗೆ ಮಸಕೂ ಅಲ್ಪ, ಕಷ್ಟವೂ ಅಲ್ಪ.

ದಿನವೆಲ್ಲ ಪರದೆಯ ಮುಂದೆಯೇ ಇರುವವರಿಗೆ ಐದನೆಯ ದಾರಿಯೊಂದುಂಟು. ದೂರದ ಭಾಗವನ್ನು ಕಿರಿದುಮಾಡಿ, ಪರದೆಯ ದೂರಕ್ಕೂ ಪುಸ್ತಕದ ದೂರಕ್ಕೂ ಅಗಲವಾದ ನೋಟ ಕೊಡುವ ಕಚೇರಿ ಮಸೂರಗಳು ದೊರೆಯುವುವು. ಅದೂ ಬೇಡವೆಂದರೆ ಪರದೆಯ ದೂರಕ್ಕೆ ಮಾತ್ರ ಸಲ್ಲುವ ಒಂಟಿ ನಂಬರಿನ ಸಾದಾ ಕನ್ನಡಕವು ಬಹಳ ಅಗ್ಗ, ಅಭ್ಯಾಸದ ಶ್ರಮವೂ ಇಲ್ಲ. ಇವನ್ನು ಹಾಕಿಕೊಂಡು ವಾಹನ ನಡೆಸಬಾರದು. ನೀಲಿ ಬೆಳಕನ್ನು ತಡೆಯುವ ಲೇಪಕ್ಕೆ ಹೆಚ್ಚು ಹಣ ಕೇಳಿದರೆ ಯೋಚಿಸಿ ಕೊಡಿರಿ: ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡಿದ ೨೦೨೩ರ ಕೊಕ್ರೇನ್ ಸಮೀಕ್ಷೆಯಲ್ಲಿ, ಅಂಥ ಮಸೂರಗಳು ಸಾದಾ ಮಸೂರಗಳಿಗಿಂತ ಕಣ್ಣಿನ ಆಯಾಸವನ್ನು ತಗ್ಗಿಸುವ ಸಂಭವವಿಲ್ಲವೆಂದು ಕಂಡುಬಂದಿತು. ಅದಕ್ಕಿಂತ, ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ಮರವನ್ನೋ ಗೋಡೆಯನ್ನೋ ಇಪ್ಪತ್ತು ಸೆಕೆಂಡು ನೋಡುವುದೂ, ಪರದೆಯ ಮುಂದೆ ನಾವು ಮರೆಯುವ ರೆಪ್ಪೆ ಬಡಿಯುವಿಕೆಯನ್ನು ನೆನಪಿಟ್ಟು ಮಾಡುವುದೂ ಖರ್ಚಿಲ್ಲದ ಔಷಧಗಳು.

ಎರಡು ಎಚ್ಚರಿಕೆಗಳನ್ನು ಬಿಡುವಂತಿಲ್ಲ. ಮೆಟ್ಟಿಲಿಳಿಯುವಾಗ ಪ್ರೊಗ್ರೆಸಿವಿನ ಕೆಳಭಾಗದಿಂದ ನೋಡಿದರೆ ಮೆಟ್ಟಿಲು ಮಸಕಾಗಿ ತೋರಿ ಹೆಜ್ಜೆ ತಪ್ಪುವುದು. ಗಲ್ಲವನ್ನು ಎದೆಗೆ ತಂದು ಮೇಲ್ಭಾಗದಿಂದಲೇ ನೋಡಿ, ಕೈಗಂಬಿ ಹಿಡಿದು ಇಳಿಯತಕ್ಕದ್ದು. ಮನೆಯ ವೃದ್ಧರಿಗೆ ಇದನ್ನು ವಿಶೇಷವಾಗಿ ತಿಳಿಸಿರಿ. ಎರಡನೆಯದು, ಯಂತ್ರದಲ್ಲಿ ನಂಬರು ತೆಗೆದುಕೊಟ್ಟ ಮಾತ್ರಕ್ಕೆ ಕಣ್ಣಿನ ಪರೀಕ್ಷೆ ಆದಂತಾಗಲಿಲ್ಲ. ನಾಲ್ವತ್ತು ದಾಟಿದವರು, ಅದರಲ್ಲಿಯೂ ಸಕ್ಕರೆ ಕಾಯಿಲೆಯವರು, ಕಣ್ಣಿನ ಒಳಗಿನ ಒತ್ತಡವನ್ನೂ ಹಿಂದಿನ ಪದರವನ್ನೂ ವೈದ್ಯರಿಂದ ನೋಡಿಸಿಕೊಳ್ಳಬೇಕು. ಗ್ಲಾಕೋಮವು ಬಹಳ ಮಂದಿಯಲ್ಲಿ ನೋವಿಲ್ಲದೆ ದೃಷ್ಟಿಯನ್ನು ಕದಿಯುವ ರೋಗ. ಒಮ್ಮೆಲೆ ಮಿಂಚು ಹೊಳೆದಂತೆ, ಕಪ್ಪು ಚುಕ್ಕೆಗಳು ಸುರಿದಂತೆ, ಪರದೆ ಎಳೆದಂತೆ ಕಂಡರೆ ಕನ್ನಡಕವನ್ನು ದೂರುತ್ತ ಕೂರದೆ ಆ ದಿನವೇ ಕಣ್ಣಿನ ಆಸ್ಪತ್ರೆಗೆ ಹೋಗತಕ್ಕದ್ದು.

ಇಷ್ಟೆಲ್ಲ ವಿವರವು ಒಂದು ಗಾಜಿನ ತುಂಡಿಗಾಗಿಯೇ ಎಂದು ಕೆಲವರು ಕೇಳಬಹುದು. ಅಸ್ಸಾಮಿನ ಚಹಾ ತೋಟಗಳಲ್ಲಿ ನಾಲ್ವತ್ತು ಮೀರಿದ ೭೫೧ ಮಂದಿ ಕೂಲಿಕಾರರ ಮೇಲೆ ನಡೆಸಿದ ಪ್ರಯೋಗವೊಂದು ೨೦೧೮ರಲ್ಲಿ ಪ್ರಕಟವಾಯಿತು. ಹತ್ತಿರದ ನೋಟದ ಅಗ್ಗದ ಕನ್ನಡಕವನ್ನು ಪಡೆದವರು, ಪಡೆಯದವರಿಗಿಂತ ಕೊಯ್ಲಿನಲ್ಲಿ ಸುಮಾರು ಶೇಕಡ ೨೨ರಷ್ಟು ಮುಂದಾದರು. ಎಲೆ ಕೊಯ್ಯುವ ಕೈಗೇ ಕಣ್ಣು ಇಷ್ಟು ಬೇಕಾದರೆ, ಅಕ್ಷರಗಳನ್ನೂ ಅಂಕಿಗಳನ್ನೂ ನಂಬಿ ಬದುಕುವವರಿಗೆ ಎಷ್ಟು ಬೇಕಾದೀತು! ನಾಲ್ವತ್ತೈದನೆಯ ವಯಸ್ಸಿನಲ್ಲಿ ಒಬ್ಬ ಉಪಾಧ್ಯಾಯಿನಿಗೆ ಅನುಭವವು ಮಾಗಿರುವುದು. ಮನೆಯಲ್ಲಿ ಮಕ್ಕಳ ವಿದ್ಯಾಭ್ಯಾಸದ ಖರ್ಚು ಏರಿರುವುದೂ ಆಗಲೇ. ಕತ್ತುನೋವಿನ ಕಾರಣವನ್ನು ತಿಳಿಯದೆ ಅಂಥವಳು ಕೆಲಸದಿಂದ ಹಿಂದೆಗೆದರೆ ನಷ್ಟವು ಅವಳೊಬ್ಬಳದೇ ಅಲ್ಲ, ಸಂಸಾರದ್ದು, ಅವಳ ಮುಂದೆ ಕುಳಿತ ವಿದ್ಯಾರ್ಥಿನಿಯರದ್ದು.

ಆದುದರಿಂದ ಸೋದರಿಯರೇ, ಮುಂದಿನ ಸಲ ಕನ್ನಡಕಕ್ಕಾಗಿ ಹೊರಡುವ ಮುಂಚೆ ಒಂದು ಅಳತೆಪಟ್ಟಿಯನ್ನು ತೆಗೆದುಕೊಳ್ಳಿರಿ. ಮಾಮೂಲಿನಂತೆ ಕುರ್ಚಿಯಲ್ಲಿ ಕುಳಿತು, ಕಣ್ಣಿನಿಂದ ಪರದೆಗೆ ಎಷ್ಟು ದೂರ, ಪುಸ್ತಕಕ್ಕೆ ಎಷ್ಟು ದೂರ, ಪರದೆಯು ಕಣ್ಣಿಗಿಂತ ಎಷ್ಟು ಕೆಳಗೆ ಎಂಬುದನ್ನು ಅಳೆಯಿಸಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಆ ಮೂರು ಅಂಕಿಗಳನ್ನು ನೋಡಿದ ಪರೀಕ್ಷಕರು ನಿಮ್ಮ ವಯಸ್ಸಿಗೆ ಮಾತ್ರವಲ್ಲದೆ ನಿಮ್ಮ ಕೆಲಸಕ್ಕೂ ಒಪ್ಪುವ ಮಸೂರವನ್ನು ಕೊಡಬಲ್ಲರು.