ಹತ್ತನೇ ತರಗತಿಯಲ್ಲಿ ಹಿಂದೆ ಬಿದ್ದ ಹುಡುಗರು

2023ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದ ಹುಡುಗಿಯರಲ್ಲಿ ಶೇ 87.87, ಹುಡುಗರಲ್ಲಿ ಶೇ 80.08 ಮಂದಿ ಪಾಸಾಗಿದ್ದರು. ಮರುವರ್ಷ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಹುಡುಗಿಯರ ಫಲಿತಾಂಶ 81.11ಕ್ಕೆ ಇಳಿದರೆ ಹುಡುಗರದ್ದು 65.90ಕ್ಕೆ ಕುಸಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! 2025ರಲ್ಲಿ ಆ ಕೃಪಾಂಕವೂ ಇರಲಿಲ್ಲ. ಹುಡುಗಿಯರು ಶೇ 74, ಹುಡುಗರು 58.07. ಎಂಟರಷ್ಟಿದ್ದ ಅಂತರ ಎರಡೇ ವರ್ಷದಲ್ಲಿ ಹದಿನಾರಕ್ಕೆ ಮುಟ್ಟಿತು.

ನೋಡಿ ಬರೆಯುವ ದಾರಿ ಮುಚ್ಚಿದಾಗ ಹೆಚ್ಚು ಪೆಟ್ಟು ಬಿದ್ದದ್ದು ಹುಡುಗರಿಗೆ. ಅವರ ಕಲಿಕೆಯ ಕೊರತೆ ಹೊಸದಲ್ಲ, ಇಷ್ಟು ದಿನ ಅಂಕಪಟ್ಟಿ ಅದನ್ನು ಮರೆಮಾಡಿತ್ತು ಎಂದೇ ತಿಳಿಯಬೇಕಾಗುತ್ತದೆ.

‘ಗಂಡುಮಕ್ಕಳ ತಲೆಯೇ ಬೇರೆ, ಕೂತು ಓದುವ ಜಾಯಮಾನ ಅವರದಲ್ಲ’ ಎಂಬ ಮಾತು ಪೋಷಕರ ಸಭೆಗಳಲ್ಲಿ ಕೇಳಿಬರುತ್ತದೆ. ವಿಜ್ಞಾನ ಇದಕ್ಕೆ ಅಷ್ಟು ಸುಲಭವಾಗಿ ತಲೆಯಾಡಿಸುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಜ್ಯಾನೆಟ್ ಹೈಡ್ 2005ರಲ್ಲಿ ಈ ಬಗೆಗಿನ 46 ಸಮಗ್ರ ವಿಶ್ಲೇಷಣೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗಂಡು ಹೆಣ್ಣಿನ ನಡುವಿನ ಬಹುಪಾಲು ಮಾನಸಿಕ ವ್ಯತ್ಯಾಸಗಳು ತೀರಾ ಸಣ್ಣವು ಅಥವಾ ಇಲ್ಲವೇ ಇಲ್ಲ ಎಂಬಷ್ಟು ಕಡಿಮೆ ಎಂದು ಕಂಡುಬಂತು. ಎದ್ದು ಕಾಣುವ ಅಂತರ ಓದಿನಲ್ಲಿದೆ. ಹದಿನೈದರ ಹರೆಯದವರನ್ನು ಅಳೆಯುವ ‘ಪಿಸಾ’ ಪರೀಕ್ಷೆಯಲ್ಲಿ, 2022ರಲ್ಲಿ ಬಹುಪಾಲು ಶ್ರೀಮಂತ ರಾಷ್ಟ್ರಗಳ ಕೂಟವಾದ ಒಇಸಿಡಿಯ ಹುಡುಗಿಯರು ಓದಿನಲ್ಲಿ ಸರಾಸರಿ 24 ಅಂಕ ಮುಂದಿದ್ದರು. ಗಣಿತದಲ್ಲಿ ಹುಡುಗರು 9 ಅಂಕ ಮುಂದಿದ್ದರು. ಹೋಮ್‌ವರ್ಕಿಗೆ ಹುಡುಗರು ವಾರಕ್ಕೆ ಸುಮಾರು ಒಂದು ಗಂಟೆ ಕಡಿಮೆ ಕೊಡುತ್ತಾರೆ ಎಂದು ಅದೇ ಒಇಸಿಡಿ 2015ರಲ್ಲಿ ಹೇಳಿತ್ತು. ಓದುವ ರೂಢಿಯಿಲ್ಲದವನಿಗೆ ಸಮಾಜ ವಿಜ್ಞಾನದ ಪ್ರಶ್ನೆಯೇ ಅರ್ಥವಾಗದು.

ಉತ್ತರ ಬೆಂಗಳೂರಿನಂಥ ಕಡೆ ಇದರ ಮೇಲೆ ದುಡಿಮೆಯ ಸೆಳೆತವೂ ಸೇರಿಕೊಳ್ಳುತ್ತದೆ. ಯಶವಂತಪುರದ ಎಪಿಎಂಸಿ ಯಾರ್ಡು, ಪಕ್ಕದ ಪೀಣ್ಯದ ವರ್ಕ್‌ಶಾಪುಗಳು, ಆರ್.ಟಿ. ನಗರದ ಅಂಗಡಿ ಸಾಲು, ಹೆಬ್ಬಾಳ ದಾಟಿ ಯಲಹಂಕದವರೆಗೆ ಏಳುತ್ತಲೇ ಇರುವ ಅಪಾರ್ಟ್‌ಮೆಂಟುಗಳು: ಎಲ್ಲೆಡೆಯೂ ಎಳೆಯ ಕೈಗಳಿಗೆ ಬೇಡಿಕೆ. ಕಟ್ಟಡ ಕೆಲಸಕ್ಕೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದ ಕುಟುಂಬಗಳ ಮಕ್ಕಳು ಶಾಲೆ ಬದಲಿಸುತ್ತಲೇ ಬೆಳೆಯುತ್ತಾರೆ. ಯಾದಗಿರಿ 2024ರ ಫಲಿತಾಂಶದಲ್ಲಿ ರಾಜ್ಯಕ್ಕೇ ಕೊನೆಯ ಜಿಲ್ಲೆ. ಕಡ್ಡಾಯ ಶಿಕ್ಷಣ ಕಾಯ್ದೆಯ ರಕ್ಷಣೆ 14 ವರ್ಷಕ್ಕೆ ಮುಗಿಯುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ದಾಟಿದವರನ್ನು ಅಪಾಯಕಾರಿ ಕೆಲಸಗಳಿಂದ ಮಾತ್ರ ದೂರ ಇಡುತ್ತದೆ. ಒಂಬತ್ತನೇ ತರಗತಿಯ ಹುಡುಗ ಈ ಎರಡರ ನಡುವೆ ಜಾರಿಹೋಗುತ್ತಾನೆ.

ಹಾಗೆಂದು ಹುಡುಗಿಯರ ಹಾದಿ ಸುಗಮ ಎಂದಲ್ಲ. ಫೇಲಾದರೆ ಮದುವೆ ಮಾಡಿಬಿಡುತ್ತಾರೆ ಎಂಬ ಭಯದಲ್ಲೇ ಎಷ್ಟೋ ಮಕ್ಕಳು ಓದುತ್ತಾರೆ. ಅವರಿಗೆ ಸಿಗುತ್ತಿರುವುದನ್ನು ಕಿತ್ತು ಹುಡುಗರಿಗೆ ಕೊಡುವ ಮಾತೇ ಇಲ್ಲಿಲ್ಲ.

ಹುಡುಗರು ಶಾಲೆಯಿಂದ ದೂರವಾಗುವ ಬಗ್ಗೆ ಯುನೆಸ್ಕೊ 2022ರಲ್ಲಿ ತಂದ ವರದಿ ಬಡತನ, ದುಡಿಮೆಯ ಜೊತೆಗೆ ಶಾಲೆಯ ಕಠಿಣ ಶಿಕ್ಷೆಯನ್ನೂ ಕಾರಣವೆಂದು ಗುರುತಿಸುತ್ತದೆ. ಹೊಡೆತವನ್ನು ನಮ್ಮ ಕಡ್ಡಾಯ ಶಿಕ್ಷಣ ಕಾಯ್ದೆಯೂ ನಿಷೇಧಿಸಿದೆ. ‘ದಡ್ಡ’ ಎಂಬ ಬೈಗುಳ ಮಾತ್ರ ನಿಂತಿಲ್ಲ. ಅದರ ಬದಲು ಐದನೇ ತರಗತಿಯೊಳಗೇ ಪ್ರತಿ ಹುಡುಗನೂ ಒಂದು ಪುಟ ಕನ್ನಡವನ್ನು ತಡವರಿಸದೆ ಓದುತ್ತಾನೆಯೇ ಎಂದು ನೋಡಿ, ಓದದಿದ್ದರೆ ಅಲ್ಲಿಂದಲೇ ಕಲಿಸಬೇಕು. ಮೂರು ದಿನ ಬರದವನ ಮನೆಗೆ ಅಂದೇ ಫೋನ್ ಹೋಗಬೇಕು. ಪೋಷಕರ ಸಭೆಗೆ ಅಪ್ಪನೂ ಬರಬೇಕು.

2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಫೇಲಾದ ಹುಡುಗ ಮನೆಯಲ್ಲಿದ್ದರೆ, ಕೆಲಸಕ್ಕೆ ಕಳಿಸುವ ಮುನ್ನ ಅವನನ್ನು ಮುಖ್ಯ ಶಿಕ್ಷಕರ ಬಳಿ ಕರೆದೊಯ್ದು ಎರಡನೆಯದಕ್ಕೆ ಹೆಸರು ಬರೆಸಿ.