ಸವೆದ ಚಪ್ಪಲಿ ಹೇಳುವ ಮಾತು

ವಿದ್ಯಾರ್ಥಿ ಮಿತ್ರರೇ, ನಮ್ಮ ಉದಕಮಂಡಲದ ಇಳಿಜಾರಿನಲ್ಲಿ ಅಡ್ಡಲಾಗಿ ನಡೆದು ನೋಡಿ. ಮೇಲ್ಬದಿಯ ಮೊಣಕಾಲು ಬಾಗುತ್ತದೆ, ಕೆಳಬದಿಯ ಕಾಲು ಚಾಚುತ್ತದೆ. ಒಂದು ಕಾಲು ಗಿಡ್ಡವಿರುವವರಿಗೆ ಸಮನೆಲವೂ ಹೀಗೆಯೇ.

ನಡೆಯುವಾಗ ದೇಹದ ಭಾರ ಹಿಮ್ಮಡಿಯಿಂದ ಬೆರಳುಗಳತ್ತ ಸಾಗುವುದು ವಾಡಿಕೆ. ಕಾಲುಗಳ ಅಂತರ ಹೆಚ್ಚಾದರೆ ಗಿಡ್ಡ ಕಾಲಿನ ಹಿಮ್ಮಡಿ ನೆಲಕ್ಕೆ ಸರಿಯಾಗಿ ತಾಗದೆ, ಭಾರವು ಅಂಗಾಲಿನ ಮುಂಭಾಗಕ್ಕೆ ಬೀಳಬಹುದು. ಅಲ್ಲಿ ಚರ್ಮ ದಪ್ಪಗಟ್ಟುತ್ತದೆ, ಚಪ್ಪಲಿ ಸವೆಯುತ್ತದೆ.

1 ಸೆಂಟಿಮೀಟರಿಗಿಂತ ಕಡಿಮೆ ಅಂತರ ಅನೇಕರಲ್ಲಿದೆ, ಅದಕ್ಕೆ ಹೆದರಬೇಕಾಗಿಲ್ಲ. ಹಿಂದೆ ಪೋಲಿಯೋ ಎಷ್ಟೋ ಮಕ್ಕಳ ಕಾಲಿನ ಬೆಳವಣಿಗೆ ಕುಂಠಿಸಿತ್ತು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು.

ಪೋಷಕರೇ, ಎರಡು ಚಪ್ಪಲಿಗಳು ಬೇರೆಬೇರೆಯಾಗಿ ಸವೆದಿದ್ದರೆ ಮಗುವನ್ನು ಗದರಿಸದೆ ವೈದ್ಯರಿಗೆ ತೋರಿಸಿ. ಅವರು ಪಾದದಡಿ ಹಲಗೆಯಿಟ್ಟು, ಸೊಂಟ ಸಮವಾಗುವವರೆಗೆ ಎತ್ತರಿಸಿ ಅಳೆಯುತ್ತಾರೆ. ಅಗತ್ಯವಿದ್ದರೆ ಪಾದರಕ್ಷೆಯ ಅಟ್ಟೆಯನ್ನು ದಪ್ಪಗೊಳಿಸುತ್ತಾರೆ. ಮಕ್ಕಳೇ, ಅಂಥ ಗೆಳೆಯರ ನಡಿಗೆಯನ್ನು ಎಂದೂ ಅಣಕಿಸದಿರಿ.