ಎಂಟೋ ಆರೋ: ಮೈಸೂರಿನ ನೊಣಗಳ ವಂಶವೃಕ್ಷ

ಜೀವಿಗಳ ವಂಶವೃಕ್ಷವನ್ನು ಹೇಗೆ ಕಟ್ಟುತ್ತಾರೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ತಿಳಿಯಲು ಮೈಸೂರಿನವರು ದೂರ ಹೋಗಬೇಕಿಲ್ಲ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ದಶಕಗಳಿಂದ ಡ್ರೊಸೊಫಿಲ ನೊಣಗಳನ್ನು ಸಾಕುತ್ತ ಬಂದಿದ್ದಾರೆ. ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣಗಳ ಬಳಗವಿದು. ಇವುಗಳ ಊಟ ಗೋಧಿರವೆ, ಬೆಲ್ಲ, ಅಗರ್ ಹಾಕಿ ಕಾಯಿಸಿದ ಗಂಜಿ. ಬೂಸ್ಟು ಹಿಡಿಯದಿರಲಿ ಎಂದು ಅದಕ್ಕೆ ಒಂದಿಷ್ಟು ಪ್ರೊಪಿಯೋನಿಕ್ ಆಮ್ಲ. ಈ ಬಳಗದ ನಾಸುಟ ಮತ್ತು ಆಲ್ಬೋಮಿಕನ್ಸ್ ನೊಣಗಳು ನೋಡಲು ಹೆಚ್ಚುಕಡಿಮೆ ಒಂದೇ. ಆದರೆ ಮರಿಹುಳುವಿನ ಮಿದುಳನ್ನು ಬಿಡಿಸಿ, ಬಣ್ಣ ಹಾಕಿ, ತೆಳುಗಾಜಿನಡಿ ಹೆಬ್ಬೆರಳಿನಿಂದ ಅದುಮಿ ಸೂಕ್ಷ್ಮದರ್ಶಕಕ್ಕೆ ಕೊಟ್ಟರೆ ನಾಸುಟದಲ್ಲಿ 8 ವರ್ಣತಂತುಗಳು, ಆಲ್ಬೋಮಿಕನ್ಸ್‌ನಲ್ಲಿ 6 ಕಾಣುತ್ತವೆ. ಎರಡು ಕಳೆದುಹೋಗಿಲ್ಲ. ಮೂರನೆಯ ವರ್ಣತಂತು ಲಿಂಗ ವರ್ಣತಂತುಗಳಾದ ಎಕ್ಸ್ ಮತ್ತು ವೈಗಳಿಗೆ ಅಂಟಿಕೊಂಡುಬಿಟ್ಟಿದೆ.

ಯಾವುದು ಮೊದಲು, ಎಂಟೋ ಆರೋ? ಎರಡನ್ನೇ ಮುಂದಿಟ್ಟುಕೊಂಡು ಕೂತರೆ ಉತ್ತರ ಸಿಗದು. ಹತ್ತಿರದ ನೆಂಟರನ್ನೂ ಕರೆದು ಕೇಳಬೇಕು. ಅದೇ ಬಳಗದ ಸಲ್ಫ್ಯೂರಿಗ್ಯಾಸ್ಟರ್, ಕೊಹ್‌ಕೊಆ ನೊಣಗಳಲ್ಲೂ ಇರುವುದು 8. ಪೂರ್ವಜರಲ್ಲಿ 6 ಇತ್ತೆಂದರೆ ಒಂದಕ್ಕಿಂತ ಹೆಚ್ಚು ಕವಲುಗಳಲ್ಲಿ ವರ್ಣತಂತು ಬೇರೆಬೇರೆಯಾಗಿ ಒಡೆದಿರಬೇಕು. 8 ಇತ್ತೆಂದರೆ ಆಲ್ಬೋಮಿಕನ್ಸ್ ಕವಲಿನಲ್ಲಿ ಮಾತ್ರ ಬೆಸುಗೆಯಾದರೆ ಸಾಕು. ಹಾಗಾಗಿ ಬೆಸುಗೆಯೇ ಹೊಸದು. ಇಲ್ಲಿ ಎಡವುವುದು ಸುಲಭ: ನಾಸುಟಕ್ಕೂ ಕೊಹ್‌ಕೊಆಗೂ 8 ಇದೆಯಲ್ಲ, ಅವೆರಡೇ ಹತ್ತಿರದವು ಎನ್ನಬಾರದೇ? ಬಾರದು. ಹಳೆಯ ಆಸ್ತಿಯನ್ನು ಯಾರು ಬೇಕಾದರೂ ಉಳಿಸಿಕೊಂಡಿರಬಹುದು. ಜೊತೆಯಾಗಿ ಪಡೆದ ಹೊಸ ಲಕ್ಷಣ ಮಾತ್ರ ನೆಂಟಸ್ತಿಕೆಗೆ ಸಾಕ್ಷಿ. ಈ ತತ್ವವನ್ನು 1950ರಲ್ಲಿ ಪುಸ್ತಕವಾಗಿ ಬರೆದ ಜರ್ಮನಿಯ ವಿಲ್ಲಿ ಹೆನ್ನಿಗ್ ಕೂಡ ನೊಣಗಳನ್ನೇ ಅಭ್ಯಾಸ ಮಾಡಿದವರು.

ಸರಳವಾದುದೇ ನಿಜವೆಂದು ಪ್ರಕೃತಿ ಎಲ್ಲಿ ಬರೆದುಕೊಟ್ಟಿದೆ ಎಂದು ಕೇಳುವವರಿದ್ದಾರೆ. ಎಲ್ಲಿಯೂ ಇಲ್ಲ, ನಿಜ. ಅದಕ್ಕೇ ಒಂದು ಸಾಕ್ಷಿಯ ಮೇಲೆ ಕಟ್ಟಿದ ಮರವನ್ನು ಇನ್ನೊಂದರಿಂದ ಪರೀಕ್ಷಿಸುತ್ತಾರೆ. ವರ್ಣತಂತು ಹೇಳಿದ್ದನ್ನು ಡಿಎನ್‌ಎ ಒಪ್ಪುತ್ತದೆಯೇ ಎಂದು ನೋಡುತ್ತಾರೆ. ಇದಕ್ಕಿಂತ ತೂಕದ ಆಕ್ಷೇಪ ಬಂದದ್ದು ಮೈಸೂರಿನಲ್ಲಿ ಈ ನೊಣಗಳನ್ನು ಸಾಕುವ ಬಾಟಲಿಗಳಿಂದಲೇ. ನಾಸುಟ ಮತ್ತು ಆಲ್ಬೋಮಿಕನ್ಸ್‌ಗಳನ್ನು ಕೂಡಿಸಿದರೆ ಸಂತಾನವಾಗುತ್ತದೆ, ಆ ಸಂತಾನಕ್ಕೂ ಸಂತಾನವಾಗುತ್ತದೆ. ಎನ್.ಬಿ. ರಾಮಚಂದ್ರ ಮತ್ತು ಎಚ್.ಎ. ರಂಗನಾಥ್ ಈ ಸಂಕರದಿಂದ ಹುಟ್ಟಿದ ಹೊಸ ವರ್ಣತಂತು ಜೋಡಣೆಗಳನ್ನು 1986ರಲ್ಲಿ ‘ಕ್ರೋಮೋಸೋಮಾ’ ಪತ್ರಿಕೆಯಲ್ಲಿ ವರದಿ ಮಾಡಿದರು. ಹೀಗೆ ನೆಲೆನಿಂತ ತಳಿಗಳಿಗೆ ಸೈಟೋರೇಸ್ ಎಂದು ಹೆಸರು. ಮೊದಲನೆಯ ಸೈಟೋರೇಸ್‌ನಲ್ಲಿ ಹೆಣ್ಣಿಗೆ 6, ಗಂಡಿಗೆ 7! ಗಂಡಿನಲ್ಲಿ ಬೆಸೆದ ಎಕ್ಸ್ ಆಲ್ಬೋಮಿಕನ್ಸ್ ಕಡೆಯದು, ಬಿಡಿಯಾಗಿ ಉಳಿದ ವೈ ಮತ್ತು ಮೂರನೆಯದು ನಾಸುಟ ಕಡೆಯವು. ಎರಡನೆಯ ಸೈಟೋರೇಸ್‌ನಲ್ಲಿ ಎರಡು ಲಿಂಗಗಳಿಗೂ 6. ಬರೀ ಎಣಿಕೆ ನಂಬಿದವರು ಇದನ್ನು ಆಲ್ಬೋಮಿಕನ್ಸ್ ಎಂದೇ ಕರೆದು ಮುಗಿಸಿಯಾರು, ಸಂಕರದ ಸುಳಿವೂ ಹತ್ತದು.

ಕವಲೊಡೆದ ಕೊಂಬೆಗಳು ಮತ್ತೆ ಕೂಡಿಕೊಳ್ಳುವುದಾದರೆ ಮರವೆಂಬ ಕಲ್ಪನೆಯನ್ನೇ ಬಿಟ್ಟುಬಿಡಬೇಕೆಂದು ಕೆಲವರ ವಾದ. ನನಗೆ ಅದು ಅತಿಯೆನಿಸುತ್ತದೆ. ಕೂಡಿಕೊಂಡದ್ದು ಇಡೀ ನೊಣದ ಚರಿತ್ರೆ. ಅದರೊಳಗಿನ ಒಂದೊಂದು ತುಣುಕಿಗೆ ತನ್ನದೇ ಕವಲುದಾರಿ ಉಳಿದೇ ಇರುತ್ತದೆ. ಗಂಡಿನ ವೈ ತಂದೆಯ ಸಾಲನ್ನು ಹಿಡಿದು ಹೋಗುತ್ತದೆ, ಮೈಟೋಕಾಂಡ್ರಿಯಾ ತಾಯಿಯ ಸಾಲನ್ನು. ಸೈಟೋರೇಸ್‌ನಲ್ಲಿ ಈ ಎರಡು ಮರಗಳು ಹೊಂದದಿದ್ದರೆ ಅದು ವಿಧಾನದ ಸೋಲಲ್ಲ. ಸಂಕರ ನಡೆದಿದೆ ಎಂದು ಗೊತ್ತಾಗುವುದೇ ಆ ಹೊಂದಾಣಿಕೆ ತಪ್ಪಿದ್ದರಿಂದ. ಒಂದೇ ಮರ ಬರೆದು ಕೂತವರಿಗೆ ಈ ಸುದ್ದಿ ಸಿಗುತ್ತಲೇ ಇರಲಿಲ್ಲ. ಬಾಟಲಿಯಲ್ಲಿ ನಡೆದದ್ದು ಕಾಡಿನಲ್ಲೂ ನಡೆದಿರಲೇಬೇಕೆಂದಿಲ್ಲ ಎಂಬ ಮಾತೂ ಇದೆ, ಅದು ಸರಿಯಾದ ಎಚ್ಚರಿಕೆಯೇ. ಆದರೆ ಬಾಟಲಿಯಲ್ಲಿ ತಂದೆತಾಯಿ ಯಾರೆಂಬುದು ಮೊದಲೇ ಗೊತ್ತು. ಮರ ಕಟ್ಟುವ ವಿಧಾನವನ್ನು ಉತ್ತರ ಗೊತ್ತಿರುವ ಲೆಕ್ಕದ ಮೇಲೆ ಪರೀಕ್ಷಿಸುವ ಅವಕಾಶ ಕಾಡಿನಲ್ಲಿ ಸಿಗುವುದು ಅಪರೂಪ. ಪಠ್ಯಪುಸ್ತಕಗಳಲ್ಲಿ ವಂಶವೃಕ್ಷದ ಚಿತ್ರ ಅಚ್ಚು ಹಾಕುವವರು ಅದರ ಕೆಳಗೆ ಒಂದು ಸಾಲು ಸೇರಿಸಲಿ: ಈ ಮರವನ್ನು ಯಾವ ಸಾಕ್ಷ್ಯದಿಂದ ಬರೆದದ್ದು, ವರ್ಣತಂತುವಿನಿಂದಲೋ, ಯಾವ ಜೀನ್‌ನಿಂದಲೋ, ಮೂಳೆಯಿಂದಲೋ. ಆ ಸಾಲು ಕಾಣದಿದ್ದರೆ ವಿದ್ಯಾರ್ಥಿಗಳು ಎದ್ದು ನಿಂತು ಕೇಳಲಿ.